ಬೋಲ್ಡನ್‌ನಿಂದ ಶುರುಮಾಡಿ

ಜಾಝ್ ಚರಿತ್ರೆಯನ್ನು 1917ರಿಂದ ಆರಂಭಿಸುವವರ ಬಗ್ಗೆ ನನ್ನ ತಕರಾರಿದೆ. ಆ ವರ್ಷ ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್ ವಿಕ್ಟರ್ ಕಂಪನಿಗೆ ನುಡಿಸಿದ್ದೇ ಮೊದಲ ಜಾಝ್ ಧ್ವನಿಮುದ್ರಿಕೆ ಎನ್ನುತ್ತಾರೆ. ಇರಬಹುದು. ನುಡಿಸಿದ ಐವರೂ ಬಿಳಿಯರು. ಸಂಗೀತ ಮಾತ್ರ ಅವರ ಊರಾದ ನ್ಯೂ ಆರ್ಲಿಯನ್ಸ್‌ನ ಕಪ್ಪು ಜನರಿಂದ ಕಲಿತದ್ದು.

ಅದೇ ಊರಿನ ಕಾಂಗೋ ಸ್ಕ್ವೇರ್‌ನಲ್ಲಿ ಹತ್ತೊಂಬತ್ತನೇ ಶತಮಾನದ ಗುಲಾಮರು ಭಾನುವಾರ ಸೇರಿ ಡೋಲು ಬಾರಿಸಿ ಕುಣಿಯುತ್ತಿದ್ದರು. ಮುಂದೆ ಚರ್ಚಿನ ಹಾಡು, ಬ್ಲೂಸ್, ರ್‍ಯಾಗ್‌ಟೈಮ್, ಶವಯಾತ್ರೆಗಳ ಹಿತ್ತಾಳೆ ವಾದ್ಯ ಎಲ್ಲವೂ ಅಲ್ಲಿನ ಬೀದಿಗಳಲ್ಲೇ ಬೆರೆತವು. 1900ರ ಸುಮಾರಿಗೆ ಈ ಬೆರಕೆಗೆ ಕಾರ್ನೆಟ್‌ನಲ್ಲಿ ಎದೆಗಾರಿಕೆಯ ದನಿ ಕೊಟ್ಟವನು ಬಡ್ಡಿ ಬೋಲ್ಡನ್. 1907ರಲ್ಲಿ, ಇನ್ನೂ ಮೂವತ್ತು ತುಂಬದವನನ್ನು, ಮಾನಸಿಕ ಆಸ್ಪತ್ರೆಗೆ ಸೇರಿಸಿದರು. 1931ರಲ್ಲಿ ಸಾಯುವವರೆಗೂ ಅವನು ಹೊರಬರಲಿಲ್ಲ. ಅವನ ವಾದನದ ಒಂದು ತುಣುಕೂ ನಮಗೆ ಉಳಿದಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮುದ್ರಣವಾಗಿಲ್ಲವೆಂದು ಚರಿತ್ರೆಯಿಂದ ಹೊರಗಿಡುವುದು ಯಾವ ನ್ಯಾಯ? ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ದಾಟಿದ ಸಂಗೀತವನ್ನು ಗೌರವಿಸುವ ನಮಗಂತೂ ಇದು ಒಪ್ಪಿಗೆಯಾಗಬಾರದು.

ಹೊಸದಾಗಿ ಕೇಳುವವರಿಗೆ ನಾನು ಹೇಳುವುದಿಷ್ಟು: ಮೊದಲು ಬೋಲ್ಡನ್‌ನ ಕತೆ ಓದಿ. ಆಮೇಲೆ 1923ರಲ್ಲಿ ಕಿಂಗ್ ಆಲಿವರ್ ತಂಡ ಜೆನೆಟ್ ಕಂಪನಿಗೆ ನುಡಿಸಿದ್ದನ್ನು ಕೇಳಿ. ಹಳೆಯ ಮುದ್ರಿಕೆಯ ಗರಗರ ಸದ್ದಿನೊಳಗೆ ಎರಡು ಕಾರ್ನೆಟ್‌ಗಳಿವೆ. ಒಂದು ಆಲಿವರನದು, ಇನ್ನೊಂದು ಇಪ್ಪತ್ತೆರಡರ ಆಸುಪಾಸಿನ ಶಿಷ್ಯ ಲೂಯಿ ಆರ್ಮ್‌ಸ್ಟ್ರಾಂಗನದು.