ಮೀನ ಸತ್ತದ್ದು ನದರಿಗಲ್ರಿ, ನಮ್ಮ ಅವಸರಕ್ಕ

ಹೋದ ಐತವಾರ ಓಣ್ಯಾಗಿನ ವೈನಿ ಮನ್ಯಾಗ ಎಲ್ಲಾರೂ ಕೂಡಿದ್ವಿ. ಹೊಸಾ ಮನಿ, ಹಾಲನ್ಯಾಗ ಹೊಸಾ ಮೀನಿನ ಟ್ಯಾಂಕು. 4 ಫೂಟ ಉದ್ದ, ಒಂದೂವರಿ ಫೂಟ ಅಗಲ, ಒಂದೂವರಿ ಎತ್ತರ. ಬಂಗಾರ ಬಣ್ಣದ ಮೀನ ಎಂಟು, ಕಪ್ಪಂದು ಒಂದು. ಟ್ಯಾಂಕ ಬಂದ ದಿನಾನ ಸಂಜಿಗೆ ಮೀನಾನೂ ಬಂದಿದ್ವು. ಒಂಬತ್ತ ದಿನಕ್ಕ ನಾಲ್ಕು ಹೊಟ್ಟಿ ಮ್ಯಾಲ ಮಾಡಿ ತೇಲಲಿಕತ್ತಿದ್ವು.

ವೈನಿ ಮುಖ ಸಣ್ಣ ಮಾಡ್ಕೊಂಡ ನಿಂತಿದ್ರು. ಆಗ ನಮ್ಮ ಮಾವಶಿ ಅಂದ್ರು, "ಹೋಗ್ಲಿ ಬಿಡವಾ, ಮನಿ ಮ್ಯಾಲಿನ ನದರ ಅವು ತಗೊಂಡ ಹೋದ್ವು. ಛಲೋನ ಆತು. ಮತ್ತ ನಾಲ್ಕ ತಂದ ಬಿಡು." ಎಲ್ಲಾರೂ ಹೌದ್ ಹೌದ್ ಅಂದ್ರು. ನಾನೂ ಗೋಣ ಹಾಕಿದೆ. ಚಹಾ ಕುಡದು ಮನಿಗೆ ಬಂದೆ. ರಾತ್ರಿ ನಿದ್ದಿ ಹತ್ತಲಿಲ್ಲ, ಅದಕ್ಕ ಇದನ್ನ ಬರೀಲಿಕತ್ತೇನಿ. ಮಾವಶಿ, ನೀವೂ ಓದ್ತೀರಿ ಅಂತ ಗೊತ್ತದ, ಸಿಟ್ಟಾಗಬ್ಯಾಡ್ರಿ. ಆದ್ರೂ ಚಿಂತಿಲ್ಲ.

ಯಾಕಂದ್ರ ಇದೇ ಮಾತು ನಾನೂ ಒಂದ್ ಸಲ ಆಡೇನಿ. ಮೂರ ವರ್ಷದ ಹಿಂದ ಮಗಳ ಹುಟ್ಟಿದ ಹಬ್ಬಕ್ಕ ದುಂಡಂದು ಗಾಜಿನ ಬಟ್ಟಲಾ, ಅದರಾಗ ಎರಡು ಗೋಲ್ಡ್ ಫಿಶ್ ತಂದಿದ್ವಿ. ವಾರದಾಗ ಎರಡೂ ಸತ್ವು. ಅಕಿ ಅಳೋದ ನೋಡಲಿಕ್ಕಾಗದ, "ನಿನ್ನ ಮ್ಯಾಲಿನ ದೃಷ್ಟಿ ಅವು ತಗೊಂಡ್ವು ಪುಟ್ಟಿ" ಅಂದೆ. ಅಕಿ ಕಣ್ಣ ಒರಸ್ಕೊಂಡು ಕೇಳಿದ್ಲು, "ಹಂಗಾರ ಮುಂದಿನ ದೃಷ್ಟಿಗೆ ಇನ್ನೆರಡ ತರೋಣೇನ ಅವ್ವಾ?"

ಆರ ವರ್ಷದ ಹುಡುಗಿಗೆ ನಾ ಕಲಿಸಿದ್ದು ಇದು. ಜೀವಾ ಅಂದ್ರ ಲಿಂಬಿಹಣ್ಣ ಇದ್ದಂಗ, ಇಳಿಸಿ ಒಗದ ಬಿಡೋದು.

ನಾವು ಮೀನ ತಿನ್ನೋ ಮಂದಿ ಅಲ್ಲ, ಹಿಂಸಾ ಮಾಡಂಗಿಲ್ಲ ಅಂತ ಭಾಳ ಹೆಮ್ಮಿ ನಮಗ. ಅಲ್ರೀ, ತಿನ್ನೋರು ಒಂದ ಏಟಿಗೆ ಮುಗಸ್ತಾರ. ನಾವು ಹಾಲನ್ಯಾಗ ದೀಪಾ ಹಚ್ಚಿ, ಬಂದವ್ರಿಗೆ ತೋರಿಸಿ, ಒಂಬತ್ತ ದಿನಾ ತ್ರಾಸ ಕೊಟ್ಟು ಕೊಲ್ತೇವಿ. ಆಮ್ಯಾಲೆ ಅದಕ್ಕೊಂದು ಪುಣ್ಯದ ಹೆಸರ ಇಡ್ತೇವಿ.

ಖರೆ ಏನಾಗ್ತದ ಹೇಳ್ತೇನಿ ಕೇಳ್ರಿ. ಮೀನ ಅದೇ ನೀರಾಗ ಉಸರಾಡ್ತದ, ಅದರಾಗ ಉಂಡು ಅದರಾಗ ಹೊರಗ ಕಡಿ ಮಾಡ್ತದ. ಆ ಹೊಲಸಿನಿಂದ ಅಮೋನಿಯಾ ಹುಟ್ತದ. ನೀರ ಕನ್ನಡಿ ಹಂಗ ಸ್ವಚ್ಛ ಕಾಣಸ್ತಿರ್ತದ, ಒಳಗ ಮೀನಿನ ಕಿವಿರು ಸುಡ್ತಿರ್ತಾವ. ಪಾಪ, ಅವು ಮ್ಯಾಲ ಬಂದು ಬಾಯಿ ಬಾಯಿ ಬಿಡ್ತಾವ. ನಾವೇನ ಮಾಡ್ತೇವಿ? "ಹಸದಾವ ನೋಡ" ಅಂತ ಇನ್ನೊಂದ ಚಿಮಟಿ ಕಾಳ ಹಾಕ್ತೇವಿ. ಆ ಕಾಳೂ ಕೊಳತು ಮತ್ತ ಅಮೋನಿಯಾನ ಆಗ್ತದ.

ಇದಕ್ಕ ಮದ್ದು ಅಂಗಡ್ಯಾಗ ಕೊಡೋ ನೀಲಿ ಔಷಧ ಅಲ್ಲ. ಫಿಲ್ಟರಿನ ಸ್ಪಂಜಿನ್ಯಾಗ ಒಂದ ಜಾತಿ ಬ್ಯಾಕ್ಟೀರಿಯಾ ಕೂಡಬೇಕು, ಅವು ಅಮೋನಿಯಾನ ನೈಟ್ರೈಟ್ ಮಾಡ್ತಾವ. ಅದೂ ವಿಷಾನ. ಇನ್ನೊಂದ ಜಾತಿ ಬಂದು ಅದನ್ನ ನೈಟ್ರೇಟ್ ಮಾಡ್ತಾವ, ಅದನ್ನ ಮೀನ ತಡಕೋತಾವ. ಇವೆಲ್ಲಾ ಬಂದು ಬೀಡ ಬಿಡಲಿಕ್ಕೆ 4ರಿಂದ 6 ವಾರ ಬೇಕು. ಮೊಸರ ಮಾಡೋ ನಮಗ ಇದನ್ನ ಬಿಡಿಸಿ ಹೇಳಬೇಕೇನ? ಹೆಪ್ಪ ಹಾಕದ ಹಾಲು ಮೊಸರ ಆಗ್ತದೇನ್ರಿ? ಟ್ಯಾಂಕಿಗೆ ನೀರ ತುಂಬಿ, ಫಿಲ್ಟರ ಹಚ್ಚಿ, ಮೀನ ಇಲ್ಲದ ದಿನಾ ಒಂದ ಚಿಮಟಿ ಕಾಳ ಹಾಕ್ಕೋತ ಕಾಯಬೇಕು. ನೀರ ತಪಾಸ ಮಾಡೋ ಟೆಸ್ಟ್ ಕಿಟ್ ಸಿಗ್ತದ. ಅಮೋನಿಯಾ ಏರಿ ಇಳೀತದ, ನೈಟ್ರೈಟ್ ಏರಿ ಇಳೀತದ. ಎರಡೂ ಸೊನ್ನಿಗೆ ಬಂದ ಮ್ಯಾಲೆ ನಾಲ್ಕೈದ ಸಣ್ಣ ಮೀನ, ಆಮ್ಯಾಲೆ ಮೆಲ್ಲಕ ಇನ್ನ ನಾಲ್ಕು. ಅಂಗಡಿಯವಾ ಇದನ್ನ ಹೇಳಂಗಿಲ್ಲ. ಅವಂಗ ಇವತ್ತ ಟ್ಯಾಂಕ ಹೋಗಬೇಕು, ಇವತ್ತ ಮೀನ ಹೋಗಬೇಕು, ಮುಂದಿನ ವಾರ ನೀವು ಮತ್ತ ನಾಲ್ಕ ಮೀನಿಗೆ ಬರಬೇಕು. ನಮ್ಮ ನದರಿನ ಮಾತು ಅವಂಗ ಎಷ್ಟ ಛಲೋ ಆತು ನೋಡ್ರಿ!

ಎಂಟು ಬಂಗಾರ, ಒಂದು ಕಪ್ಪು ಅನ್ನೋ ಲೆಕ್ಕಾ ಚೀನಾದವ್ರ ಫೆಂಗ್ ಶುಯಿದು. ನಮ್ಮ ವಾಸ್ತು ಹೇಳೋರು ಅದನ್ನ ಯಾವಾಗ ಎತ್ಕೊಂಡ್ರೋ ಏನೋ. ಗೋಲ್ಡ್ ಫಿಶ್ ಛಲೋತ್ನ್ಯಾಗ ಬೆಳದ್ರ ಗೇಣುದ್ದ ಆಗ್ತಾವ, ಹತ್ತ ವರ್ಷದ ಮ್ಯಾಲ ಬದುಕತಾವ. ಆ ಟ್ಯಾಂಕಿಗೆ ಒಂಬತ್ತು ಅಂದ್ರ ಚಾಳಿನ ಒಂದ ಖೋಲ್ಯಾಗ ಒಂಬತ್ತ ಸಂಸಾರ. ನಮ್ಮ ದೇಶದ ನೀರಿನ್ವ ಜೀಬ್ರಾ ಡ್ಯಾನಿಯೋ ಅವ, ಎರಡ ಇಂಚಿನ್ಯಾಗ ಇರ್ತಾವ, ಗಟ್ಟಿ ಜೀವಾ, ಗುಂಪಿನ್ಯಾಗ ಆಡ್ಕೋತ ಹೋಗ್ತಾವ. ಅವಕ್ಕೇನ ಕಡಿಮಿ ಆಗೇದ?

"ಟ್ಯಾಂಕ ಸ್ವಚ್ಛ ಮಾಡ್ತದ" ಅಂತ ಕೊಡೋ ಸಕರ್ ಮೀನಂತೂ ತರಲೇಬ್ಯಾಡ್ರಿ. ಬೆರಳಷ್ಟಿದ್ದದ್ದು ಫೂಟ ದಾಟ್ತದ. ಆಮ್ಯಾಲೆ ಇಟ್ಕೊಳ್ಳಲಿಕ್ಕಾಗದ ಕೆರಿಗೆ ಬಿಟ್ಟ ಬರ್ತಾರ, ಜೀವ ಉಳಿಸಿದ್ವಿ ಅಂತ ನಮಸ್ಕಾರ ಬ್ಯಾರೆ. ಇದು ದಕ್ಷಿಣ ಅಮೆರಿಕಾದ ಮೀನ. ಹಿಂಗ ಬಿಟ್ಟ ಬಿಟ್ಟ ನಮ್ಮ ದೇಶದ ಕೆರಿ ಹೊಳಿ ಎಷ್ಟೋ ಕಡೆ ಇವ ತುಂಬ್ಯಾವ, ಊರಿನ ಮೀನಿಗೆ ಜಾಗಾ ಇಲ್ಲದಂಗ ಆಗೇದ.

ಮೊದಲ ಲೆಕ್ಕಾ ಹಾಕಬೇಕಾದ್ದು ಮೀನಿಂದಲ್ಲ, ಭಾರದ್ದು. ಆ ಅಳತಿ ಟ್ಯಾಂಕಿಗೆ 250 ಲೀಟರ್ ನೀರ ಹಿಡೀತದ, ಅಂದ್ರ 250 ಕಿಲೋ. 10 ಎಂಎಂ ಗಾಜು 50 ಕಿಲೋ, ಕಲ್ಲು ಉಸುಕು ಇನ್ನೊಂದ 30. ಐದಾರ ಮಂದಿ ಹಗಲೂ ರಾತ್ರಿ ಒಂದ ಮೇಜಿನ ಮ್ಯಾಲ ನಿಂತಂಗ. ಟಿವಿ ಇಡೋ ಪ್ಲೈವುಡ್ ಕಪಾಟಿನ ಮ್ಯಾಲ ಅದನ್ನ ಇಟ್ಟವ್ರನ್ನ ನೋಡೇನಿ, ದೇವರ ದೊಡ್ಡಾಂವ. ಕಬ್ಬಿಣದ ಸ್ಟ್ಯಾಂಡ ಬೇಕು, ಮಟ್ಟಸ ಇರಬೇಕು, ಬಿಸಲ ನೇರ ಬೀಳಬಾರ್ದು (ಬಿದ್ರ ಪಾಚಿ), ಹತ್ರ ಪ್ಲಗ್ ಬೇಕು, ಕರೆಂಟ ಹೋದ್ರ ಫಿಲ್ಟರಿಗೆ ಇನ್ವರ್ಟರ್ ಬೇಕು. ಈಶಾನ್ಯ ಮೂಲಿ ಆಮ್ಯಾಲೆ ನೋಡೋಣಂತ.

ಆಮ್ಯಾಲೆ ನೀರು. ವಾರಕ್ಕೊಮ್ಮೆ ಕಾಲು ಭಾಗ ನೀರ ತಗದು ಹೊಸಾದು ಹಾಕಬೇಕು, 15 ಲೀಟರಿನ ಬಕೀಟು ನಾಲ್ಕು. ನಮ್ಮ ಧಾರವಾಡದಾಗ ನಳಾ ಬರೋ ದಿನಾ ಕಾಯೋರು ಯಾರು? ನಾವು. ಬಂದ ಮಲಪ್ರಭಾ ನೀರಾಗ ಕ್ಲೋರಿನ್ ಇರ್ತದ, ಒಂದ ದಿನಾ ತೆರದ ಇಡಬೇಕು, ಇಲ್ಲಾಂದ್ರ ಆ್ಯಂಟಿ ಕ್ಲೋರಿನ್ ಹನಿ ಹಾಕಬೇಕು. ತರೋರು ಅವರು, ತಿಕ್ಕೋರು ನಾವು. ಅದಕ್ಕ ಟ್ಯಾಂಕ ತರೋಕಿಂತ ಮೊದಲ, ಊಟಕ್ಕ ಕೂತಾಗ ಕೇಳ್ರಿ: ನಾಲ್ಕ ಬಕೀಟ ಯಾರು ಹೊರ್ತೀರಿ? ಉತ್ತರ ಬರದಿದ್ರ ಟ್ಯಾಂಕೂ ಬರಬಾರ್ದು. ಯಾವದೂ ಮೀನ ಬಂದು ನಮ್ಮ ಮನಿ ಬಾಗಲಾ ಬಡದಿಲ್ಲ.

ನಮ್ಮ ಮಡಿ ಬುದ್ಧೀದೂ ಒಂದ ತಪ್ಪದ. ಎಲ್ಲಾ ಹೊರಗ ತಗದು, ಕಲ್ಲು ಸ್ಪಂಜು ಗಸಾಗಸಾ ತಿಕ್ಕಿ, ನಳದ ಕೆಳಗ ತೊಳದು ಇಡ್ತೇವಿ. ಅಲ್ಲಿಗೆ ಹೆಪ್ಪಿನ ಬಟ್ಟಲಾ ತೊಳದಂಗಾತು. ಸ್ಪಂಜನ್ನ ಟ್ಯಾಂಕಿನಿಂದ ತಗದ ನೀರಾಗನ ಹಿಂಡಬೇಕು, ಅಷ್ಟ ಸಾಕು. ಮತ್ತ "ಸಣ್ಣ ಬಟ್ಟಲ ಆದ್ರ ಸಸಾರ" ಅನ್ನೋದೂ ಸುಳ್ಳು. ಒಂದ ಲೋಟಾ ನೀರಿಗೆ ಒಂದ ಚಮಚಾ ಉಪ್ಪ ಹಾಕೋದಕ್ಕೂ ಒಂದ ಹಂಡೆಕ್ಕ ಹಾಕೋದಕ್ಕೂ ಫರಕ ಇಲ್ಲೇನು? ನೀರ ಹೆಚ್ಚಿದ್ದಷ್ಟು ನಮ್ಮ ತಪ್ಪ ತಡಕೋತದ. ನಮ್ಮ ಮನಿ ದೊಡ್ಡ ಟ್ಯಾಂಕಿಗೆ ಈಗ ಎರಡ ವರ್ಷ. ಮೊದಲಿನ ಐದ ವಾರ ಬರೇ ನೀರ ಇಟ್ಟಿದ್ವಿ, ಬಂದೋರೆಲ್ಲಾ ನಕ್ಕ ಹೋದ್ರು. ಮಗಳು ಮಾತ್ರ ದಿನಾ ಚೀಟಿ ಮ್ಯಾಲ ಬರದ ಇಡ್ತಿದ್ಲು, ಇವತ್ತ ಅಮೋನಿಯಾ ಎಷ್ಟು ಅಂತ.

ವೈನಿ, ಉಳಿದ ಐದಕ್ಕ ಇವತ್ತ ಕಾಳ ಹಾಕಬ್ಯಾಡ್ರಿ, ಹೊಸಾ ಮೀನೂ ತರಬ್ಯಾಡ್ರಿ. ನಿಮ್ಮ ಕಡೆ ನಾಳೆ ನಳಾ ಬರ್ತದ, ಎರಡ ಡ್ರಮ್ ತುಂಬಿ ಬಾಯಿ ತೆರದ ಇಡ್ರಿ. ಅಲ್ಲೀತನಕ ಮನ್ಯಾಗ ತುಂಬಿಟ್ಟ ನೀರ ಇದ್ರ ನಾಲ್ಕ ಬಕೀಟ ಬದಲಿ ಮಾಡ್ರಿ. ಸಂಜಿಮುಂದ ನಾನೂ ಮಗಳೂ ಬರ್ತೇವಿ, ನಮ್ಮ ಫಿಲ್ಟರಿನ ಸ್ಪಂಜ ಅರ್ಧಾ ಕತ್ತರಿಸಿ ತರ್ತೇನಿ, ಹೆಪ್ಪಿಗೆ.