ಕಾಯುವ ದೇವರು, ಕಾಯದ ಪೂಜಾರಿ

ಮೊನ್ನೆ ಆಫೀಸಿನಲ್ಲಿ ಪಕ್ಕದ ಸೀಟಿನ ಗೆಳೆಯನ ಜೊತೆ ಸಣ್ಣ ಜಗಳ. ವಿಷಯ, ಬಾಲ್ಡರ್ಸ್ ಗೇಟ್ 2. ಅದು 2000ದಲ್ಲಿ ಬಂದ ಗೇಮ್, ನಾನಿನ್ನೂ ಆಡ್ತೀನಿ, ನಗಬೇಡಿ. ಅದರಲ್ಲಿ ಹೆಲ್ಮ್ ಅಂತ ಒಬ್ಬ ಕಾವಲು ದೇವರು. ಕೈಗವಸಿನ ಮೇಲೆ ತೆರೆದ ಕಣ್ಣು ಅವನ ಗುರುತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂರನೇ ಆವೃತ್ತಿಯ ನಿಯಮದಂತೆ, ಪೂಜಾರಿ ತನ್ನ ದೇವರ ಧರ್ಮಕ್ಕೆ ತೀರಾ ತಪ್ಪಿ ನಡೆದರೆ ಪ್ರಾಯಶ್ಚಿತ್ತ ಮಾಡಿಕೊಳ್ಳೋವರೆಗೂ ಅವನ ಮಂತ್ರಶಕ್ತಿ ಹೋಗುತ್ತೆ. "ಕಟ್ಟುಕಥೆ, ನಿಜವಾದ ದೇವರ ವಿಷಯದಲ್ಲಿ ಹೀಗೆಲ್ಲಾ ಇರಲ್ಲ" ಅಂದ ಗೆಳೆಯ. ಇರಬೇಕಿತ್ತು ಕಣೋ, ಅಂದೆ.

ನಮ್ಮದು ಶಿರಾ ಕಡೆ. ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆ, ಎಲ್ಲಿ ಹೋದರೂ ಗೊಲ್ಲರಹಟ್ಟಿಗಳು ಸಿಗುತ್ತವೆ. ಕಾಡುಗೊಲ್ಲರ ಕಾವಲು ದೇವರು ಜುಂಜಪ್ಪ. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಅವನ ಗುಡ್ಡೆ ಇದೆ. ದನ ಕಾದ ವೀರ, ಗಣೆ ಊದಿದವನು. ರಾತ್ರಿಯಿಡೀ ಗಣೆ ಊದಿ ಅವನ ಕತೆ ಹಾಡುವವರಿದ್ದಾರೆ. ಯಾವ ಗೇಮ್ ಕಂಪನಿಯವರೂ ಇಂಥಾ ದೇವರನ್ನ ಕಲ್ಪಿಸಿಕೊಳ್ಳೋಕೆ ಆಗಲ್ಲ ಅನ್ನೋದು ನನ್ನ ಹೆಮ್ಮೆ.

ಆದರೆ ಅದೇ ದೇವರ ಹೆಸರಲ್ಲಿ ಇನ್ನೊಂದು ನಡೀತಾ ಬಂದಿದೆ. ಮುಟ್ಟಾದ ಹೆಣ್ಣುಮಕ್ಕಳು, ಹೆತ್ತ ಬಾಣಂತಿ, ಹಸುಗೂಸು, ಎಲ್ಲಾ ಹಟ್ಟಿಯ ಬೇಲಿಯಿಂದಾಚೆ. ಸೂತಕ ತಾಗಿದರೆ ದೇವರು ಮುನೀತಾನಂತೆ. ಹೈಸ್ಕೂಲಲ್ಲಿ ನಮ್ಮ ಕ್ಲಾಸಿನ ಹಟ್ಟಿ ಹುಡುಗಿಯೊಬ್ಬಳು ತಿಂಗಳಿಗೆ ಮೂರ್ನಾಲ್ಕು ದಿನ ಬರ್ತಿರಲಿಲ್ಲ. ಯಾಕೆ ಅಂತ ಎಲ್ಲರಿಗೂ ಗೊತ್ತಿತ್ತು, ಹುಡುಗರು ನಾವು ನಗ್ತಿದ್ವಿ. ಮಳೆ ಬಂದಾಗ ಅವಳು ಎಲ್ಲಿರ್ತಿದ್ದಳು ಅಂತ ಒಬ್ಬನೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಊರಾಚೆಯ ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ಮಳೆ-ಚಳಿಗೆ ಸಿಕ್ಕಿ ತೀರಿಕೊಂಡಿತು. ಈಗ ಹೇಳಿ, ಅವತ್ತು ಕಾವಲು ಯಾರದ್ದಾಗಿತ್ತು? ದನದ ಕರುವನ್ನ ಕಾಯುವ ದೇವರು ಹೆಣ್ಣಿನ ಕೂಸನ್ನ ಮಳೆಗೆ ಬಿಡು ಅಂದಾನೆಯೇ?

"ಕಾನೂನು ಇದೆಯಲ್ಲಾ" ಅಂತೀರಿ. ಇದೆ. ಅಮಾನವೀಯ ಪದ್ಧತಿಗಳ ವಿರುದ್ಧದ 2017ರ ಕರ್ನಾಟಕ ಕಾಯ್ದೆ ಜಾರಿಗೆ ಬಂದಿದ್ದು 2020ರಲ್ಲಿ. ಹೆಣ್ಣನ್ನ ಹೀಗೆ ಊರಾಚೆ ಇಡೋದು ಅದರ ಪ್ರಕಾರ ಅಪರಾಧ. ಆದರೆ ಇದೇ ಸರ್ಕಾರದ ದುಡ್ಡಲ್ಲಿ ಹಟ್ಟಿಗಳ ಹೊರಗೆ 'ಕೃಷ್ಣ ಕುಟೀರ'ಗಳೂ ಎದ್ದಿವೆ, ಹೊರಗಿಟ್ಟ ಹೆಂಗಸರು ಇರಲಿ ಅಂತ! ಬಗ್ ಸರಿ ಮಾಡೋ ಬದಲು ಅದಕ್ಕೊಂದು ಚಂದದ ಸ್ಕ್ರೀನ್ ಮಾಡಿಕೊಟ್ಟ ಹಾಗೆ.

"ಅವರ ನಂಬಿಕೆ, ನಿನಗ್ಯಾಕೆ?" ಅನ್ನೋರಿಗೆ ಒಂದು ಮಾತು. ಕಾಡುಗೊಲ್ಲರನ್ನ ಹಿಂದುಳಿದವರು ಅಂತ ಹೀಯಾಳಿಸೋಕೆ ಇದನ್ನ ಬರೀತಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಮೂರು ದಿನ ಅಡುಗೆಮನೆಗೆ ಕಾಲಿಡದ ಅಕ್ಕಂದಿರು ಇಲ್ಲವಾ? ನಮ್ಮ ಮನೆಗೆ ಸೂರಿದೆ, ಅವರಿಗೆ ಗುಡಿಸಲು. ವ್ಯತ್ಯಾಸ ಅಷ್ಟೇ. ಮತ್ತೆ, ಈ ಪದ್ಧತಿಯನ್ನ ಬಿಟ್ಟ ಮನೆಗಳು ಹಟ್ಟಿಗಳಲ್ಲೂ ಇವೆ. ಮೊದಲು ಬಿಟ್ಟ ಅವರ ಧೈರ್ಯ ನಮ್ಮದಕ್ಕಿಂತ ದೊಡ್ಡದು.

ನನ್ನ ತಕರಾರು ಪೂಜಾರಿಗಳ ಜೊತೆ. ಅವರು ಹೊರಗಿನವರಲ್ಲ, ಹಟ್ಟಿಯವರೇ. ಅವರೇನು ಕೆಟ್ಟವರಲ್ಲ, ಅವರಿಗೂ ಹೆದರಿಕೆ. ಹಟ್ಟಿಗೆ ಕೇಡು ಬಂದರೆ ಹೊಣೆ ಯಾರ ಮೇಲೆ ಬರುತ್ತೆ? ಆದರೆ ಪೊಲೀಸರು, ಅಧಿಕಾರಿಗಳು ಬಂದು ಹೇಳಿದರೆ ಅವರೆದುರಿಗೆ ಹೂಂ ಅನ್ನೋ ಜನ, ಜೀಪು ತಿರುಗಿದ ಮೇಲೆ ನೋಡೋದು ಪೂಜಾರಿಯ ಮುಖವನ್ನೇ. "ಬಾಣಂತಿ ಒಳಗಿರಲಿ, ದೇವರ ಅಪ್ಪಣೆಯಾಗಿದೆ" ಅಂತ ಅವನೊಬ್ಬ ಅಂದರೆ ಸಾಕು, ಕಾನೂನು ವರ್ಷಗಟ್ಟಲೆ ಮಾಡಲಾಗದ್ದು ಒಂದು ರಾತ್ರಿಯಲ್ಲಿ ಆಗುತ್ತೆ. ಹೇಳುವ ಅಧಿಕಾರ ಇದ್ದೂ ಸುಮ್ಮನಿರೋದು ಕಾವಲು ಹೇಗಾಗುತ್ತೆ?

ಹಟ್ಟಿಗಳಿಂದ ಓದಿ ಬಂದು ಇಲ್ಲೇ ಕೋಡ್ ಬರೆಯೋ ಗೆಳೆಯರಿದ್ದೀರಿ. ನಾನು ಹೇಳಿದರೆ ಹೊರಗಿನವನ ಮಾತಾಗುತ್ತೆ. ಮುಂದಿನ ಜಾತ್ರೆಗೆ ಹೋದಾಗ ಪೂಜಾರಪ್ಪನ ಹತ್ತಿರ ಕೂತು, ಮರ್ಯಾದೆಯಿಂದಲೇ ಇದೊಂದನ್ನ ಕೇಳ್ತೀರಾ? ಉತ್ತರ ಏನೇ ಬಂದರೂ ಇಲ್ಲಿ ಬಂದು ಬರೀರಿ, ಕಾಯ್ತಿರ್ತೀನಿ.