ಲೇಖನಿಯೋ, ಒಡವೆಯೋ?

ಫೌಂಟನ್ ಪೆನ್ನುಗಳ ಸಂಗ್ರಾಹಕರಲ್ಲಿ ಈಚೆಗೆ ಒಂದು ವಿಪರೀತಬುದ್ಧಿಯು ಬೆಳೆದಿರುವುದು. ಪೆನ್ನಿನ ಯೋಗ್ಯತೆಯನ್ನು ಅವರಲ್ಲಿ ಅನೇಕರು ನಿಬ್ಬಿನ ಚಿನ್ನದಿಂದ, ಮೈಯ ಮೆರುಗಿನಿಂದ, ‘ಇಷ್ಟೇ ತಯಾರಾದುವು’ ಎಂದು ಕೊರೆದ ಅಂಕಿಯಿಂದ ಅಳೆಯುವರು. ತಯಾರಕರೂ ಈ ದೌರ್ಬಲ್ಯವನ್ನರಿತು, ಪೆಟ್ಟಿಗೆಯಲ್ಲಿ ಮಲಗುವ ಪೆನ್ನುಗಳನ್ನೇ ಮಾಡತೊಡಗಿರುವರು.

ಚಿನ್ನದ ಹಿರಿಮೆಯಾದರೂ ಏನು? ಹಿಂದಿನ ಮಸಿಯ ಆಮ್ಲವು ಉಕ್ಕನ್ನು ತಿನ್ನುತ್ತಿದ್ದಿತು. ಚಿನ್ನವು ಅದನ್ನು ತಡೆಯಿತು. ಇಂದಿನ ತುಕ್ಕುಹಿಡಿಯದ ಉಕ್ಕಿಗೆ ಆ ಭಯವು ಬಹುಮಟ್ಟಿಗೆ ಇಲ್ಲ. ಕಾಗದವನ್ನು ಮುಟ್ಟುವುದಂತೂ ತುದಿಗೆ ಬೆಸೆದ ಬೇರೊಂದು ಕಠಿಣ ಲೋಹದ ಕಣ. ಅದನ್ನು ಹದವಾಗಿ ಸಾಣೆಹಿಡಿಯುವುದರಲ್ಲಿಯೂ, ಮಸಿ ಇಳಿದಂತೆ ಗಾಳಿಯು ಒಳಸೇರುವ ಹಾಗೆ ಕಾಲುವೆ ತೋಡುವುದರಲ್ಲಿಯೂ ನಿಜವಾದ ಕೌಶಲವಿರುವುದು. 1884ರಲ್ಲಿ ಅಮೆರಿಕಾದ ವಾಟರ್‌ಮನ್ ಪೇಟೆಂಟು ಪಡೆದುದು ಇಂತಹ ಕಾಲುವೆಗಾಗಿಯೇ.

‘ಹಳೆಯದೇ ಚೆನ್ನ’ ಎಂಬ ವಾದವೂ ಸಲ್ಲದು. 1941ರ ಪಾರ್ಕರ್ 51 ತನ್ನ ಚಿನ್ನದ ನಿಬ್ಬನ್ನು ಕವಚದೊಳಗೆ ಮರೆಮಾಡಿಕೊಂಡಿತು. 1980ರಲ್ಲಿ ಬಂದ ಜರ್ಮನಿಯ ಲ್ಯಾಮಿ ಸಫಾರಿಯು ಪ್ಲಾಸ್ಟಿಕ್ಕಿನ ಮೈ, ಉಕ್ಕಿನ ನಿಬ್ಬುಗಳಿಂದಲೇ ಶಾಲೆಯ ಮಕ್ಕಳ ಕೈಗೆ ಒಗ್ಗಿತು. ಎರಡೂ ಬರೆಯುವವರಿಗಾಗಿ ಹುಟ್ಟಿದುವು.

ಮಸಿ ಕಾಣದ ಪೆನ್ನಿಗೇ ಹೆಚ್ಚು ಬೆಲೆ ಬರುವವರೆಗೆ ತಯಾರಕನು ನಿಬ್ಬನ್ನೇಕೆ ತಿದ್ದುವನು? ಸಂಗ್ರಾಹಕರು ಅಂಗಡಿಯಲ್ಲಿಯೇ ಬರೆದುನೋಡಿ ಕೊಳ್ಳಲಿ. ಕಾಗದವನ್ನು ಕೆರೆಯುವ ನಿಬ್ಬಿಗೆ, ಮೈ ಎಷ್ಟೇ ಹೊಳೆಯಲಿ, ಬಿಡಿಕಾಸನ್ನೂ ಕೊಡದಿರಲಿ.